ಗುಡ್ಡದ ಹಿಂದಿನ ಲೈನು

ಮನೆಯಲ್ಲಿ ಫೋನು ರಿಂಗಾದರೆ ನಾನು ಈಗಲೂ ತಕ್ಷಣ ಎತ್ತುವುದಿಲ್ಲ. ಎತ್ತಿದರೆ ಆ ಕಡೆಯಿಂದ, ಗಣಿಯಲ್ಲಿ ಲಾರಿ ತೂಗುತ್ತಿದ್ದ ವೇಬ್ರಿಡ್ಜ್‌ನವನ ದನಿ ಬಂದೀತೆಂಬ ಭಯ. ಅವನು ಸತ್ತು ವರ್ಷಗಳೇ ಆದವು. ದಿನಾ ಬೆಳಿಗ್ಗೆ ಗುಡ್ಡದ ಮೇಲಿನಿಂದ ಫೋನು ಮಾಡಿ, "ಕೇಳಸ್ತೈತೇನಣ್ಣಾ?" ಎನ್ನುತ್ತಿದ್ದ. ನಾನು "ಹ್ಞೂಂ" ಅಂದರೆ, "ಹಂಗಾದ್ರ ಇವತ್ತೂ ನಿನಗ ಸಂಬಳ ಐತಿ ಬಿಡು" ಎಂದು ನಕ್ಕು ಇಡುತ್ತಿದ್ದ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದಿರಿನ ಕಂಪನಿಯೊಂದರಲ್ಲಿ ವೈರಿಂಗ್ ಕೆಲಸಕ್ಕೆ ಸೇರಿದವನು, ಕಂಪ್ಯೂಟರುಗಳು ಬಂದ ಮೇಲೆ ಅವುಗಳ ಕೇಬಲ್ ಎಳೆಯುತ್ತ, ಕೊನೆಗೆ ನೆಟ್‌ವರ್ಕನ್ನೇ ನೋಡಿಕೊಳ್ಳುವವನಾದೆ. ಸಂಡೂರಿನ ಗುಡ್ಡದ ಬುಡದಲ್ಲಿ ನಮ್ಮ ಆಫೀಸು, ಪಕ್ಕದಲ್ಲೇ ಆಂಬುಲೆನ್ಸ್ ಶೆಡ್ಡು. ಮೇಲೆ ಗಣಿ, ಲಾರಿ ತೂಗುವ ವೇಬ್ರಿಡ್ಜ್. ಅಲ್ಲಿ ಮೊಬೈಲ್ ಸಿಗುತ್ತಿರಲಿಲ್ಲ. ಲಾರಿಯ ತೂಕ, ಗೇಟಿನ ಕ್ಯಾಮೆರಾ, ಮೇಜಿನ ಮೇಲಿನ ಫೋನು, ಎಲ್ಲವೂ ನಾವು ನೆಲದಲ್ಲಿ ಹೂತ ಕೇಬಲ್ಲಿನಲ್ಲೇ ಹೋಗಬೇಕು.

ಬೆಂಗಳೂರಿನಿಂದ ಬಂದ ಇಂಜಿನಿಯರ್ ಎರಡು ಕೇಬಲ್ ಹಾಕಲು ಹೇಳಿದ್ದರು. ಒಂದು ರಸ್ತೆಯ ಬದಿಯಲ್ಲಿ, ಇನ್ನೊಂದು ಗುಡ್ಡದ ಹಿಂದಿನಿಂದ ಸುತ್ತಿ. ಒಂದು ಹರಿದರೆ ಮತ್ತೊಂದು ತಾನಾಗಿ ಕೆಲಸಕ್ಕೆ ನಿಲ್ಲಲಿ ಎಂದು. ಹಿಂದಿನ ಕಡೆ ಬರೀ ಬಂಡೆ. ಕೂಲಿಯವರು ಗುದ್ದಲಿ ಕೆಳಗಿಟ್ಟು ನನ್ನ ಮುಖ ನೋಡಿದರು. ಮಳೆ ಬೇರೆ ಹತ್ತಿರವಾಗಿತ್ತು. ರಸ್ತೆಯ ಬದಿಯಲ್ಲಿ ಮೊದಲ ಕೇಬಲ್ಲಿಗೆಂದು ತೋಡಿದ ಕಾಲುವೆ ಇನ್ನೂ ಮುಚ್ಚಿರಲಿಲ್ಲ. ಎರಡನೆಯದನ್ನೂ ಅದರಲ್ಲೇ ಮಲಗಿಸಿ ಮಣ್ಣೆಳೆಸಿದೆ. ಇಂಜಿನಿಯರ್ ಫೋನಿನಲ್ಲಿ ಕೇಳಿದಾಗ, "ಹಿಂದಿನಿಂದಾನೇ ಹಾಕೀನಿ ಸರ್" ಅಂದೆ. ನಾಲಿಗೆ ತಡವರಿಸಲೇ ಇಲ್ಲ.

ಆಯುಧಪೂಜೆಗೆ ಕೆಂಧೂಳು ಒರೆಸಿ, ಮೆಷಿನ್ನುಗಳಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಎಲ್ಲರ ಮುಂದೆ ನಾನು ಲೈನು ಪರೀಕ್ಷೆ ಮಾಡುವುದು ನಮ್ಮಲ್ಲಿ ರೂಢಿಯಾಗಿತ್ತು. ಮೊದಲ ಕೇಬಲ್ಲಿನ ತುದಿಯನ್ನು ಮೆಷಿನ್ನಿನಿಂದ ಕೀಳುತ್ತಿದ್ದೆ. ಎರಡನೆಯದರ ಹಸಿರು ದೀಪ ಮಿಣುಕುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ವೇಬ್ರಿಡ್ಜ್‌ನವನು ತೆಂಗಿನಕಾಯಿ ಒಡೆದು, "ಅಣ್ಣ ಇರೋ ತನಕ ನನ್ನ ಫೋನು ಸಾಯಂಗಿಲ್ಲ ಬಿಡ್ರಿ" ಎನ್ನುತ್ತಿದ್ದ. ತುದಿ ಕಿತ್ತರೆ ತಿಳಿಯುವುದು ತುದಿಯ ಸಂಗತಿ ಮಾತ್ರ. ಮಣ್ಣಿನೊಳಗೆ ಎರಡೂ ಮೈಗೆ ಮೈ ತಾಗಿಸಿ ಮಲಗಿದ್ದವೆಂದು ನನಗೊಬ್ಬನಿಗೇ ಗೊತ್ತಿತ್ತು.

ಅದೊಂದು ಮಧ್ಯಾಹ್ನ ಎರಡೂ ದೀಪ ಒಟ್ಟಿಗೇ ಆರಿದವು. ಮಳೆನೀರಿನ ಚರಂಡಿ ತೆಗೆಯುತ್ತಿದ್ದ ಜೆಸಿಬಿ, ರಸ್ತೆಯ ತಿರುವಿನಲ್ಲಿ ನಮ್ಮ ಕಾಲುವೆಗೆ ಕೈ ಹಾಕಿತ್ತು. ಆಗ ನನಗೆ ಗುಡ್ಡದ ಮೇಲಿದ್ದವರ ನೆನಪಾಗಲಿಲ್ಲ. ಕಂಪನಿಯ ಸಾಹೇಬರು ಬಂದು ನೋಡುವುದರೊಳಗೆ ಜೋಡಿಸಿ ಮುಚ್ಚಬೇಕು ಎಂದಷ್ಟೇ ಓಡಿದೆ. ಮಣ್ಣಿನಲ್ಲಿ ಮೊಣಕಾಲೂರಿ ಕೂತಿರುವಾಗ ಮೇಲಿನಿಂದ ಒಂದು ಲಾರಿ ಇಳಿದು ಬಂತು. ಅದಿರಿನ ಮೇಲೆ ತಾಡಪತ್ರಿ, ಅದರ ಮೇಲೆ ಮಲಗಿಸಿದ್ದ ವೇಬ್ರಿಡ್ಜ್‌ನವನು.

"ಎದಿ ನೋವು ಅಂದ" ಎಂದ ಲಾರಿಯವನು. "ಫೋನು ಕಿವಿಗೆ ಹಚ್ಚಿಗೊಂಡು ಕುಂತಿದ್ದ. ಯಾರೂ ಎತ್ತವಲ್ರು ಅಂತಿದ್ದ."

ಆಂಬುಲೆನ್ಸಿನ ಡ್ರೈವರು ಶೆಡ್ಡಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಕರೆ ಬಂದಿದ್ದರೆ ಹೋಗುತ್ತಿದ್ದ. ಸಂಡೂರಿನ ಆಸ್ಪತ್ರೆ ಸೇರುವ ಮೊದಲೇ ವೇಬ್ರಿಡ್ಜ್‌ನವನ ಉಸಿರು ನಿಂತಿತ್ತು.

ಎರಡನೆಯ ಲೈನಿಗೆ ಏನಾಯಿತೆಂದು ಸಾಹೇಬರು ಕೇಳಿದರು. "ಜೆಸಿಬಿಯವ ಗುಡ್ಡದ ಹಿಂದೂ ಅಗದಾನ್ರಿ ಸರ್" ಅಂದೆ. ಆ ಹುಡುಗ ಗಾದಿಗನೂರಿನವನು. "ನಾ ಆ ಕಡೆ ಹೋಗೇ ಇಲ್ರಿ" ಎಂದು ಎಲ್ಲರ ಮುಂದೆ ಹೇಳುತ್ತಲೇ ಇದ್ದ. ಆಮೇಲೆ ನನ್ನ ಕಡೆ ತಿರುಗಿ, "ನೀವರ ಹೇಳ್ರಿ" ಅಂದ. ನಾನು ಕೈಗಂಟಿದ ಮಣ್ಣು ಒರೆಸಿಕೊಂಡೆ. ಅವನನ್ನು ಕೆಲಸದಿಂದ ತೆಗೆದರು. ಜೀವ ತೆಗೆದವನು ಎಂಬ ಹೆಸರು ಬಂತು. ಮತ್ತೆ ಯಾರೂ ಅವನಿಗೆ ಗಾಡಿ ಕೊಡಲಿಲ್ಲ.

ನಾನು ನಿವೃತ್ತನಾಗಿ ಹೊಸಪೇಟೆಯಲ್ಲಿದ್ದೇನೆ. ಮನೆಯ ಇಂಟರ್ನೆಟ್ ಡಬ್ಬಿಯ ಮೇಲೆ ಬಟ್ಟೆ ಹೊದಿಸಿದ್ದೇನೆ. ಆ ಹಸಿರು ದೀಪ ನೋಡಲಾಗುವುದಿಲ್ಲ. ಬಟ್ಟೆಯ ಒಳಗಿನಿಂದಲೂ ಅದು ಮಿಣುಕುವುದು ತಿಳಿಯುತ್ತದೆ. ಹೋದ ಆಯುಧಪೂಜೆಯ ದಿನ ಬೀದಿಯಲ್ಲಿ ಯಾರೋ ಕಾಯಿ ಒಡೆದ ಸದ್ದಿಗೆ, ನನ್ನ ಹಿಂದೆಯೇ "ಕೇಳಸ್ತೈತೇನಣ್ಣಾ?" ಎಂದ ಹಾಗಾಯಿತು. ಚಪ್ಪಲಿ ಮೆಟ್ಟಿಕೊಂಡು ಗಾದಿಗನೂರಿನ ಬಸ್ಸು ಹತ್ತಿದೆ.

ಜೆಸಿಬಿಯ ಆ ಹುಡುಗ ಮನೆಯ ಕಟ್ಟೆಯ ಮೇಲೆ ಕೂತು ಕುಡುಗೋಲು ತೊಳೆದು ಪೂಜೆಗಿಡುತ್ತಿದ್ದ. ತಲೆ ನರೆತಿತ್ತು. ಗುರುತು ಹಿಡಿದರೂ "ಕುಂದ್ರಿ" ಅನ್ನಲಿಲ್ಲ. ನಿಂತೇ ಹೇಳಿದೆ. "ಗುಡ್ಡದ ಹಿಂದ ಲೈನೇ ಇರಲಿಲ್ಲಪ್ಪಾ. ಎರಡೂ ಒಂದ ಕಡೆ ಹೂತಿದ್ದೆ. ನೀನು ಆ ಕಡೆ ಹೋಗಿರಲಿಲ್ಲ."

ಅವನು ಕುಡುಗೋಲು ಒರೆಸುತ್ತಲೇ ಇದ್ದ. "ಹಿಂದ ಹಾಕಿದ್ರ ಅವತ್ತು ವೇಬ್ರಿಡ್ಜ್‌ನವನ ಫೋನು ಕೆಳಗ ಮುಟ್ತಿತ್ತೇನು?"

"ಮುಟ್ತಿತ್ತು."

"ಲೇ, ಹೊರಗ ಬಾ" ಎಂದು ಹೆಂಡತಿಯನ್ನು ಕರೆದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. "ಈಗ ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ, ಗಂಡನನ್ನೇ ನೋಡುತ್ತಿದ್ದಳು. "ನೀನೂ ನಂಬಿರಲಿಲ್ಲಲ್ಲ" ಎಂದ ಅವನು, ಮೆಲ್ಲಗೆ. ಅವಳು ಕಟ್ಟೆಯ ಅಂಚು ಹಿಡಿದು ಕೂತಳು.

"ಚಾ ಮಾಡ್ತೀನಿ" ಅಂದಳು.

"ಬ್ಯಾಡ" ಎಂದು ಅವನು ಎದ್ದ. "ಯಜಮಾನ್ರ, ವೇಬ್ರಿಡ್ಜ್‌ನವನ ಹೆಂಡ್ತಿ ಕಂಪ್ಲ್ಯಾಗ ಅದಾಳ. ನನ್ನ ಕಂಡ್ರ ಬಾಗಲಾ ಹಾಕ್ಕೊಂತಾಳ. ಅಲ್ಲೂ ಹೇಳ್ಬೇಕಲ್ಲ?"

ಹೊಸಪೇಟೆಗೆ ಬಂದು ಕಂಪ್ಲಿ ಬಸ್ಸು ಹತ್ತಿದೆವು. ನನ್ನ ಪಕ್ಕದ ಸೀಟು ಖಾಲಿ ಇತ್ತು. ಅವನು ಹಿಂದೆ ಹೋಗಿ ಕೂತ. ಇಳಿದ ಮೇಲೆ ದಾರಿ ತೋರಿಸುತ್ತ ಮುಂದೆ ನಡೆದವನು ಒಂದು ಮನೆಯ ಮುಂದೆ ನಿಂತು, ನನಗೆ ಜಾಗ ಬಿಟ್ಟು ಬದಿಗೆ ಸರಿದ. ಬಾಗಿಲು ಹಾಕಿತ್ತು. ನಾನೇ ಬಡಿದೆ.