ಹಗ್ಗದ ತೂಕ

ಮೊನ್ನೆ ಶುಕ್ರವಾರದಿಂದ ನಮ್ಮ ಮನೆಯ ಗೀಸರ್ ಕೆಟ್ಟು ಕೂತಿದೆ. ರಿಪೇರಿಯವರಿಗೆ ಫೋನು ಮಾಡಿದರೆ, "ಉದ್ಯಾವರದ ಕಡೆ ಬಂದಾಗ ಮೊದಲು ನಿಮ್ಮಲ್ಲಿಗೇ ಬರ್ತೇನೆ ಅಕ್ಕ" ಎನ್ನುತ್ತಾರೆ. ಉದ್ಯಾವರದ ಕಡೆ ಯಾವಾಗ ಬರುತ್ತಾರೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹಾಗಾಗಿ ಈ ಭಾನುವಾರ ಬೆಳಿಗ್ಗೆ ಅಟ್ಟದಿಂದ ನೀರು ಕಾಯಿಸುವ ಹಳೆಯ ಕಾಯಿಲ್ ಇಳಿಸಿ, ಬಕೆಟಿನ ಮೇಲೆ ಅಡ್ಡಕ್ಕೆ ಒಂದು ಕೋಲಿಟ್ಟು, ಅದಕ್ಕೆ ಕಾಯಿಲನ್ನು ಸಿಕ್ಕಿಸಿ ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿಗೆ ಆ ವಾಸನೆ ಬಂತು. ನಿಮಗೂ ಗೊತ್ತಿರಬಹುದು, ಕಾಯಿಲಿಗೆ ಅಂಟಿದ ಬಿಳಿ ಕಿಟ್ಟ ಕಾಯುವಾಗಿನ ವಾಸನೆ. ಒದ್ದೆ ಸುಣ್ಣದ್ದೂ ಅಲ್ಲ, ಹಳೆ ಕಬ್ಬಿಣದ್ದೂ ಅಲ್ಲ, ಎರಡರ ನಡುವಿನದು.

ನೀರು ಅಮ್ಮನ ಸ್ನಾನಕ್ಕೆ. ಅಮ್ಮ ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, "ಆಯ್ತಾ?" ಎಂದು ಕೇಳುತ್ತಾಳೆ. "ಆಗ್ತಾ ಉಂಟು" ಎನ್ನುತ್ತೇನೆ. ಉಸಿರು ಬಿಡುವುದರೊಳಗೆ ಮತ್ತೆ, "ಆಯ್ತಾ?" ಈಚೆಗೆ ಅವಳಿಗೆ ಹಾಗೆ, ಕೇಳಿದ್ದು ನೆನಪಿರುವುದಿಲ್ಲ. (ನಮ್ಮದು ತುಳು ಮನೆ. ಅಮ್ಮನ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.)

ಸಾವಿರ ವಾಟಿನ ಕಾಯಿಲ್, ಹದಿನೈದು ಲೀಟರ್ ನೀರು, ಇಪ್ಪತ್ತು ಡಿಗ್ರಿ ಏರಬೇಕು. ನಾನು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ, ಇಪ್ಪತ್ತೊಂದು ನಿಮಿಷ ಎಂದುಕೊಂಡೆ. ಮಣಿಪಾಲದ ಹತ್ತಿರದ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ನಾನು ಅಟೆಂಡರ್. ತಂತಿ, ಬ್ಯಾಟರಿ, ಮೀಟರುಗಳನ್ನು ಕೊಡುವುದು, ಸಂಜೆ ವಾಪಸು ಪಡೆದು ಕಪಾಟಿನಲ್ಲಿಡುವುದು ನನ್ನ ಕೆಲಸ. ಹೇಳಿಕೊಡುವ ಕೆಲಸ ಮೇಷ್ಟ್ರುಗಳದ್ದು. ಆದರೂ ಇಷ್ಟು ವರ್ಷ ಅದೇ ಕೋಣೆಯಲ್ಲಿದ್ದರೆ ಲೆಕ್ಕದ ಚಟ ಹತ್ತದೆ ಇರುವುದಿಲ್ಲ, ಬೇಕರಿಯಲ್ಲಿ ಕೆಲಸ ಮಾಡುವವರ ಬಟ್ಟೆಗೆ ವಾಸನೆ ಹತ್ತುವ ಹಾಗೆ. ಇಂಥ ಲೆಕ್ಕದಿಂದಲೇ ನಾನು ಒಮ್ಮೆ ಶಾಲೆಯಿಂದ ಹೊರಗೆ ಬೀಳುವುದರಲ್ಲಿದ್ದೆ ಎಂದರೆ ನಮ್ಮ ಲ್ಯಾಬಿನ ಹುಡುಗಿಯರು ನಂಬುವುದಿಲ್ಲ.

ನಾನು ಕಾಪುವಿನಲ್ಲಿ ಹತ್ತನೇ ತರಗತಿ ಓದುತ್ತಿದ್ದೆ. ಅಪ್ಪನದು ಪೇಟೆಯಲ್ಲಿ ಸಣ್ಣ ಟೈಲರ್ ಅಂಗಡಿ, ಮನೆಯಲ್ಲೂ ಒಂದು ಮಿಷನು. ಮನೆ ನಡೆಸುವವಳು ಅಮ್ಮ. ಅವಳಷ್ಟು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುವವರನ್ನು ನಾನು ಇನ್ನೂ ಕಂಡಿಲ್ಲ. ಗಂಜಿಗೆ ಅಕ್ಕಿ ಹಾಕುವಾಗ ಬರಬಹುದಾದ ನೆಂಟರಿಗೆ ಒಂದು ಹಿಡಿ, ತಳ ಹಿಡಿದು ಹೋಗುವುದಕ್ಕೆ ಅರ್ಧ ಹಿಡಿ. ಬಾವಿಯಿಂದ ನೀರು ಸೇದುವಾಗ ಮೆಟ್ಟಿಲು ಹತ್ತುವಷ್ಟರಲ್ಲಿ ಚೆಲ್ಲುವುದನ್ನು ಸೇರಿಸಿ ಒಂದು ಕೊಡಪಾನ ಹೆಚ್ಚು. ಹೊಸ ಬಟ್ಟೆಗೆ ಅಳತೆ ಕೊಡುವಾಗ ಅಪ್ಪನಿಗೇ ಎಚ್ಚರಿಕೆ ಹೇಳುತ್ತಿದ್ದಳು: "ಒಗೆದ ಮೇಲೆ ಕುಗ್ಗುವುದನ್ನು ಸೇರಿಸಿದ್ದೀರಾ?" ಇಂಥವಳ ಮಗಳು ಫಿಸಿಕ್ಸಿನ ಲೆಕ್ಕಕ್ಕೆ ಕೂತರೆ ಏನಾಗಬೇಕೋ ಅದೇ ಆಯಿತು.

ಆ ಲೆಕ್ಕಗಳನ್ನು ನೀವು ನೆನಪು ಮಾಡಿಕೊಳ್ಳಿ. ಎಲ್ಲದರ ಕೊನೆಯಲ್ಲೂ ಒಂದು ಸಾಲು ಇರುತ್ತದೆ. ಘರ್ಷಣೆಯನ್ನು ನಿರ್ಲಕ್ಷಿಸಿ. ತಂತಿಯ ರೋಧವನ್ನು ನಿರ್ಲಕ್ಷಿಸಿ. ಪಾತ್ರೆ ಹೀರಿಕೊಂಡ ಉಷ್ಣವನ್ನು ನಿರ್ಲಕ್ಷಿಸಿ. ನನಗೆ ಸೂತ್ರ ಬರುತ್ತಿತ್ತು, ಗುಣಾಕಾರ ಬರುತ್ತಿತ್ತು, ಈ ನಿರ್ಲಕ್ಷಿಸುವುದು ಮಾತ್ರ ಬರುತ್ತಿರಲಿಲ್ಲ. ಪಾತ್ರೆಯನ್ನು ನಿರ್ಲಕ್ಷಿಸುವುದು ಹೇಗೆ? ಕೈಗೆ ಮೊದಲು ಚುರುಕ್ ಎನ್ನುವುದೇ ಅದು!

ಪ್ರಿಪರೇಟರಿ ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು. ಹತ್ತು ಕಿಲೋಗ್ರಾಂ ತೂಗುವ ನೀರು ತುಂಬಿದ ಕೊಡಪಾನವನ್ನು ಆರು ಮೀಟರ್ ಆಳದ ಬಾವಿಯಿಂದ ಮೇಲೆತ್ತಲು ಎಷ್ಟು ಕೆಲಸ ಮಾಡಬೇಕು. ಹಗ್ಗದ ತೂಕವನ್ನೂ ರಾಟೆಯ ಘರ್ಷಣೆಯನ್ನೂ ನಿರ್ಲಕ್ಷಿಸಿ. ಹತ್ತನ್ನು ಗುರುತ್ವದ ಹತ್ತರಿಂದ, ಅದನ್ನು ಆರರಿಂದ ಗುಣಿಸಿ ಆರುನೂರು ಜೌಲ್ ಎಂದು ಬರೆದರೆ ಮುಗಿಯಿತು. ನಾನು ಪ್ರತಿದಿನ ನೀರು ಸೇದುವವಳು. ತೆಂಗಿನ ನಾರಿನ ಹಗ್ಗ ಒದ್ದೆಯಾದರೆ ಎಷ್ಟು ಭಾರವೆಂದು ನನ್ನ ತೋಳಿಗೆ ಗೊತ್ತು. ಅದಕ್ಕೆ ಅಂದಾಜಿನಲ್ಲಿ ಒಂದಿಷ್ಟು ಸೇರಿಸಿದೆ. ನಮ್ಮ ರಾಟೆ ಎಣ್ಣೆ ಕಾಣದೆ ಕಿರುಗುಟ್ಟುತ್ತಿತ್ತು, ಅದಕ್ಕೂ ಸೇರಿಸಿದೆ. ಚೆಲ್ಲಿದ ನೀರನ್ನು ನ್ಯಾಯವಾಗಿ ಕಳೆದೆ. ಉಳಿದ ಲೆಕ್ಕಗಳನ್ನೂ ಇದೇ ಪ್ರಾಮಾಣಿಕತೆಯಿಂದ ಮಾಡಿ ವಿಜ್ಞಾನದಲ್ಲಿ ಫೇಲಾದೆ. ಉತ್ತರ ಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಇತ್ತು: "ಹಗ್ಗವನ್ನು ಯಾರು ಕೇಳಿದರು?"

ಆಗ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಪ್ರಿಪರೇಟರಿಯಲ್ಲಿ ಫೇಲಾದವರನ್ನು ಹೆಡ್ ಮಾಷ್ಟ್ರು ಕರೆದು, "ಈ ವರ್ಷ ಪರೀಕ್ಷೆ ಬೇಡ, ಬರುವ ವರ್ಷ ಗಟ್ಟಿಯಾಗಿ ಓದಿ ಕಟ್ಟು" ಎನ್ನುತ್ತಿದ್ದರು. ಶಾಲೆಯ ಫಲಿತಾಂಶ ಕೆಡಬಾರದಲ್ಲ. ನನ್ನ ಹೆಸರೂ ಆ ಸಾಲಿಗೆ ಸೇರಿತು. ಮನೆಯಲ್ಲಿ ಹೇಳಿದೆ. ಅಪ್ಪ ಬಯ್ಯಲಿಲ್ಲ. ಹೊಲಿಗೆ ಮಿಷನಿನಿಂದ ತಲೆ ಎತ್ತದೆ, "ಹಾಗಾದರೆ ಒಂದು ವರ್ಷ ಕಾರ್ಕಳಕ್ಕೆ ಹೋಗು, ಚಿಕ್ಕಮ್ಮನೊಟ್ಟಿಗೆ ಗೇರುಬೀಜದ ಫ್ಯಾಕ್ಟರಿಗೆ. ಮತ್ತೆ ನೋಡುವ" ಎಂದರು. ನಮ್ಮ ಕಡೆ "ಮತ್ತೆ ನೋಡುವ" ಎಂದರೆ ಏನೆಂದು ನಿಮಗೆ ಗೊತ್ತು. ಚಿಕ್ಕಮ್ಮ ಹೋದದ್ದೂ ಒಂದು ವರ್ಷಕ್ಕೆಂದೇ.

ಮದುವೆಗೆ ಮೊದಲು ಅಮ್ಮನೂ ಅಲ್ಲಿ ಬೀಜ ಒಡೆದವಳು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಕೈ ಕಪ್ಪಾಗುತ್ತದೆ. ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಇಲ್ಲ, ನುಣುಪು. ಈಗಲೂ ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪುವುದಿಲ್ಲ. ಆ ಸಂಜೆ ಅವಳು ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಮತ್ತೆ ಮಡಚಿ ಬಿಟ್ಟಳು. ಅಪ್ಪನಿಗೆ ಎದುರಾಡುವ ಅಭ್ಯಾಸ ಅವಳಿಗಿರಲಿಲ್ಲ. ನನಗೆ ಅಳು ಬಂದದ್ದು ಆಗಲೇ.

ಕೆಂಪು ಶಾಯಿಯವರು ಲೀಲಾ ಟೀಚರ್. ಊರು ಪೆರ್ಡೂರು, ಕಾಪುವಿನಲ್ಲಿ ಒಬ್ಬ ಅಜ್ಜಿಯ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದರು. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಊರಿಗೆ, ಸೋಮವಾರ ಬೆಳಿಗ್ಗೆ ವಾಪಸು. ಒಂದು ಸೋಮವಾರ ಹಣೆಯಲ್ಲಿ ಬುಗುಟೆ ಹೊತ್ತು ಕ್ಲಾಸಿಗೆ ಬಂದು, "ಬಸ್ಸಿನವ ಬ್ರೇಕ್ ಹಾಕಿದ, ನನ್ನ ತಲೆ ಎದುರಿನ ಸೀಟಿಗೆ ಬಡಿಯಿತು. ಇದು ಡ್ರೈವರನ ತಪ್ಪಲ್ಲ, ಜಡತ್ವ. ಆದರೂ ನಾನು ಬಯ್ದದ್ದು ಅವನಿಗೇ" ಎಂದು ಪಾಠ ಶುರು ಮಾಡಿದ್ದರು. ಜಡತ್ವವನ್ನು ನಾವು ಯಾರೂ ಆಮೇಲೆ ಮರೆಯಲಿಲ್ಲ.

ಅವರು ನನ್ನನ್ನು ಸಂಜೆ ಕೋಣೆಗೆ ಬರಲು ಹೇಳಿದರು. ಹೋದೆ. ಪುಸ್ತಕ ಬಿಡಿಸಿ ಲೆಕ್ಕ ತೋರಿಸಿ, "ಮಾಡು" ಎನ್ನುತ್ತಾರೆಂದುಕೊಂಡಿದ್ದೆ. ಅವರು ಹಾಗೆ ಹೇಳಲಿಲ್ಲ.

"ಈ ಲೆಕ್ಕದಲ್ಲಿ ನಿನಗೆ ಎಂತೆಲ್ಲ ತಕರಾರು ಉಂಟು, ಮೊದಲು ಅದು ಹೇಳು."

ನಾನು ಪುಸ್ತಕದ ರಟ್ಟು ಕೆರೆಯುತ್ತ ಕೂತೆ.

"ಹೇಳು ಮಾರಾಯ್ತಿ. ಪರೀಕ್ಷೆಯಲ್ಲಿ ಇಷ್ಟುದ್ದ ಬರೆದವಳಿಗೆ ಈಗ ಎಂತ ನಾಚಿಕೆ?"

ಹೇಳಿದೆ. ಬಿಸಿನೀರಿಗೆ ತಣ್ಣೀರು ಬೆರೆಸುವ ಲೆಕ್ಕ. ಪಾತ್ರೆ ಹಿತ್ತಾಳೆಯದೋ ಅಲ್ಯುಮಿನಿಯಂನದೋ ಹೇಳಿಲ್ಲ. ಮುಚ್ಚಳ ಉಂಟೋ ಇಲ್ಲವೋ ಹೇಳಿಲ್ಲ. ಬೆರೆಸುವಾಗ ಹಬೆ ಹೋಗುತ್ತದೆ. ಕಿಟಕಿ ತೆರೆದಿದ್ದರೆ ಗಾಳಿ. ನಾನು ಹೇಳುತ್ತಲೇ ಹೋದೆ, ಅವರು ಚಾ ಕುಡಿಯುತ್ತ ತಲೆಯಾಡಿಸುತ್ತಲೇ ಇದ್ದರು.

"ಎಲ್ಲ ಸರಿ" ಎಂದರು. "ಒಂದೂ ಸುಳ್ಳಲ್ಲ."

ಅಷ್ಟು ದಿನ ಎಲ್ಲರೂ ನಕ್ಕದ್ದೇ ಆಗಿತ್ತು. ಸರಿ ಎಂದವರು ಇವರೊಬ್ಬರೇ.

"ನೀನು ಬರುವಾಗ ಚಪ್ಪಲಿ ಎಲ್ಲಿ ಬಿಟ್ಟಿ?"

"ಹೊರಗೆ, ಮೆಟ್ಟಿಲಲ್ಲಿ."

"ಬಿಸಾಡಿದೆಯಾ?"

"ಇಲ್ಲ ಟೀಚರ್."

"ಹಾಗೆಯೇ ಇದು. ಪಾತ್ರೆ, ಹಬೆ, ಗಾಳಿ, ಆ ನಿನ್ನ ಹಗ್ಗ, ಎಲ್ಲ ಮೆಟ್ಟಿಲಲ್ಲಿ ಬಿಡು. ಒಳಗೆ ಬಂದು ಲೆಕ್ಕ ಮಾಡು. ಹೋಗುವಾಗ ಹಾಕಿಕೊಂಡು ಹೋಗು. ಯಾರೂ ಕದಿಯುವುದಿಲ್ಲ."

ನಗಬೇಡಿ. ಇಷ್ಟು ಸಣ್ಣ ಮಾತು ನನಗೆ ಎಷ್ಟು ದೊಡ್ಡ ಬಿಡುಗಡೆಯಾಯಿತೆಂದು ಹೇಗೆ ಹೇಳಲಿ? ನಿರ್ಲಕ್ಷಿಸಿ ಎಂದರೆ ಅದು ಇಲ್ಲವೆಂದು ಸುಳ್ಳು ಹೇಳುವುದು ಎಂದು ನಾನು ತಿಳಿದಿದ್ದೆ. ಸುಳ್ಳು ಹೇಳಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ಹೊರಗಿಟ್ಟರೆ ಸಾಕಿತ್ತು. ಆ ದಿನದಿಂದ ನಾನು ಪ್ರತಿ ಲೆಕ್ಕಕ್ಕೂ ಮೊದಲು ನನ್ನ ತಕರಾರುಗಳನ್ನು ಪಿಸುಗುಟ್ಟಿ ಹೊರಗೆ ಬಿಡತೊಡಗಿದೆ. ಉತ್ತರಗಳು ಪುಸ್ತಕದ ಹಿಂದಿನ ಉತ್ತರಗಳಿಗೆ ಹೊಂದತೊಡಗಿದವು.

ತರಂಗಗಳ ಪಾಠ ಮಾತ್ರ ಸ್ವಲ್ಪ ಕಾಟ ಕೊಟ್ಟಿತು. ಟೀಚರ್ ಒಂದು ಸಂಜೆ ಕಡಲ ದಂಡೆಯ ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಕೂರಿಸಿ, "ಒಂದು ಅಲೆಯ ತಲೆಯಿಂದ ಇನ್ನೊಂದರ ತಲೆಗೆ ಇರುವ ದೂರವೇ ತರಂಗದೂರ, ನೋಡು" ಎಂದರು. ನಾನು ನೋಡಿದೆ, ನೋಡಿಯೇ ನೋಡಿದೆ. "ಟೀಚರ್, ಒಂದರ ಹಾಗೆ ಇನ್ನೊಂದು ಇಲ್ಲ. ಇದು ಹತ್ತಿರ, ಅದು ದೂರ. ಅಗೊಳ್ಳಿ, ಆಚೆಯದು ಮಧ್ಯದಲ್ಲೇ ಸತ್ತುಹೋಯಿತು."

"ಸಮುದ್ರಕ್ಕೆ ಪರೀಕ್ಷೆ ಇಲ್ಲ ಮಾರಾಯ್ತಿ" ಎಂದರು ಟೀಚರ್. "ನಿನಗೆ ಉಂಟು."

ಹೆಡ್ ಮಾಷ್ಟ್ರ ಬಳಿ ಅವರೇ ಹೋಗಿ, "ಇವಳನ್ನು ಇನ್ನೊಮ್ಮೆ ನೋಡಿ ಸಾರ್, ನೀವೇ ಕೇಳಿ" ಎಂದು ಒಪ್ಪಿಸಿದರು. ಅವರು ಕರೆದ ದಿನ ಬೆಳಿಗ್ಗೆ ನಾನು ಗಂಜಿ ಕುಡಿಯದೆ ಹೋಗಿದ್ದೆ. ಚಿಕ್ಕಮ್ಮನಿಗೆ ಆಗಲೇ ಹೇಳಿ ಕಳುಹಿಸಿಯಾಗಿತ್ತು. ಸೋಮವಾರ ಕಾರ್ಕಳದ ಬಸ್ಸು ಹತ್ತುವುದೆಂದು ಅಪ್ಪ ಹೇಳಿದ್ದರು. ಸ್ಟಾಫ್ ರೂಮಿನಲ್ಲಿ ಹೆಡ್ ಮಾಷ್ಟ್ರು ಕನ್ನಡಕ ಸರಿಮಾಡಿಕೊಂಡು, ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಏನು, ಸಮಾಂತರದಲ್ಲಿ ಜೋಡಿಸಿದರೆ ಏನು ಎಂದು ಕೇಳಿದರು. ಹೇಳಿದೆ. ಆಮೇಲೆ ಕೇಳಿದರು: ಎಂಬತ್ತು ಡಿಗ್ರಿಯ ಎರಡು ಕಿಲೋ ನೀರಿಗೆ ಇಪ್ಪತ್ತು ಡಿಗ್ರಿಯ ನಾಲ್ಕು ಕಿಲೋ ನೀರು ಬೆರೆಸಿದರೆ?

ಬಾಯಲ್ಲೇ ಲೆಕ್ಕ ಮಾಡಿದೆ. "ನಲವತ್ತು ಡಿಗ್ರಿ, ಸಾರ್."

ಹಗ್ಗದ ಕಥೆ ಅವರ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ. ಮೆಲ್ಲಗೆ ಕೇಳಿದರು, "ಪಾತ್ರೆ ಬಿಸಿ ಆಗುವುದಿಲ್ವಾ?"

ಲೀಲಾ ಟೀಚರ್ ಕಿಟಕಿಯ ಹೊರಗೆ ನೋಡತೊಡಗಿದರು.

"ಆಗ್ತದೆ ಸಾರ್. ಅದು ಹೊರಗೆ ಮೆಟ್ಟಿಲಲ್ಲಿ ಉಂಟು. ಹೋಗುವಾಗ ಹಾಕಿಕೊಂಡು ಹೋಗ್ತೇನೆ."

ಹೆಡ್ ಮಾಷ್ಟ್ರಿಗೆ ಅರ್ಥವಾಗಲಿಲ್ಲ. ಟೀಚರ ಮುಖ ನೋಡಿದರು. ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ವಿವರಿಸಿದರು. ಆಮೇಲೆ ಹೆಡ್ ಮಾಷ್ಟ್ರು ನಕ್ಕ ನಗು ಮೂರನೇ ಕ್ಲಾಸಿನವರೆಗೆ ಕೇಳಿತೆಂದು ಅಲ್ಲಿದ್ದವರು ಹೇಳುತ್ತಿದ್ದರು. "ಹೋಗು, ಪರೀಕ್ಷೆಗೆ ಕೂರು" ಎಂದರು. "ಹಾಲ್ ಟಿಕೆಟ್ ಮಾತ್ರ ಮೆಟ್ಟಿಲಲ್ಲಿ ಬಿಡಬೇಡ."

ಮನೆಗೆ ಓಡಿದೆ. ಅಮ್ಮ ಒಲೆಯ ಮುಂದೆ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ಒಂದೇ ಮಾತು ಕೇಳಿದಳು: "ಫ್ಯಾಕ್ಟರಿಗೆ ಹೋಗಬೇಕಾ?"

"ಇಲ್ಲಮ್ಮ, ಹೋಗಬೇಕಾಗಿಲ್ಲ."

ಅವಳು ಗೋಡೆಗೆ ಒರಗಿ ಕಾಲು ಚಾಚಿದಳು. ಹಗಲು ಹೊತ್ತು ಅವಳು ಕಾಲು ಚಾಚಿ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಲೆಯ ಮೇಲೆ ಗಂಜಿ ಉಕ್ಕಿತು. ಮುಚ್ಚಳ ಎದ್ದು ಬಿತ್ತು, ತಿಳಿ ಬೆಂಕಿಗೆ ಸುರಿದು ಚುರ್ ಎಂದಿತು, ಬೂದಿ ಹಾರಿತು. ಒಂದು ಅಗುಳು ಚೆಲ್ಲಿದರೆ ಹೆಕ್ಕುವ ಅಮ್ಮ ಅದನ್ನು ನೋಡುತ್ತಾ ಕೂತಿದ್ದಳು. ಏಳಲಿಲ್ಲ. "ಉಕ್ಕಲಿ ಬಿಡು" ಎಂದಳು.

ಸಂಜೆ ಅಪ್ಪನಿಗೆ ಹೇಳಿದ್ದೂ ಅವಳೇ, ನಾನಲ್ಲ. ಅಪ್ಪ "ಹೌದಾ?" ಎಂದವರು, ಒಳ್ಳೆಯದಾಯಿತು ಎನ್ನುವ ಹಾಗೆ ಮಿಷನು ಜೋರಾಗಿ ತುಳಿದರು. ಪರೀಕ್ಷೆಯಲ್ಲಿ ಪಾಸಾದೆ. ಎಲ್ಲಕ್ಕಿಂತ ಹೆಚ್ಚು ಅಂಕ ವಿಜ್ಞಾನದಲ್ಲಿ ಬಂತು ಎಂದು ಬರೆದರೆ ಕಥೆಗೆ ಚಂದ, ಆದರೆ ಬಂದದ್ದು ಕನ್ನಡದಲ್ಲಿ. ಇರಲಿ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಎಂದಿದ್ದ ಲ್ಯಾಬಿನ ಕೆಲಸಕ್ಕೆ ಅಷ್ಟು ಸಾಕಾಯಿತು.

ಇಷ್ಟನ್ನು ನೆನೆಯುತ್ತ ನಿಂತ ನಾನು ಗಡಿಯಾರ ನೋಡಲು ಮರೆತೆ. ನೀರು ಇಪ್ಪತ್ತೊಂದು ನಿಮಿಷಕ್ಕೆ ಕಾದಿತೋ ಹೆಚ್ಚು ಹಿಡಿಯಿತೋ ಗೊತ್ತಾಗಲಿಲ್ಲ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕೈಯದ್ದಿ ನೋಡಿ ತಣ್ಣೀರು ಬೆರೆಸಿದೆ. ಅಮ್ಮನಿಗೆ ಬೆನ್ನುಜ್ಜಿ ಸ್ನಾನ ಮಾಡಿಸಿ, ತಲೆಗೆ ಬೈರಾಸು ಸುತ್ತಿ, ಜಗಲಿಯ ಬಿಸಿಲಿಗೆ ಕರೆತಂದು ಕೂರಿಸಿದೆ. ಅವಳು ಏನನ್ನೋ ಹುಡುಕುವವಳ ಹಾಗೆ ನನ್ನ ಕೈ ಎಳೆದುಕೊಂಡು, ಅಂಗೈ ಮಗುಚಿ ಬೆರಳುಗಳನ್ನು ನೋಡಿದಳು. ಮುಖದಲ್ಲಿ ಗಾಬರಿ.

"ನಾಳೆ ಸೋಮವಾರ ಅಲ್ವಾ? ನಿನಗೆ ಫ್ಯಾಕ್ಟರಿಗೆ ಹೋಗಬೇಕಾ?"

ಬೇರೆ ದಿನವಾದರೆ, "ಎಂತ ಫ್ಯಾಕ್ಟರಿ ಅಮ್ಮ, ಅಪ್ಪ ಹೋಗಿ ಎಷ್ಟು ವರ್ಷವಾಯಿತು, ನನ್ನ ಮಗಳಿಗೇ ಮದುವೆಯಾಯಿತು" ಎಂದು ಒಂದೊಂದನ್ನೂ ತಿದ್ದಲು ಕೂರುತ್ತಿದ್ದೆ. ಇವತ್ತು ತಿದ್ದಲಿಲ್ಲ. ಪಕ್ಕದಲ್ಲಿ ಕೂತೆ.

"ಇಲ್ಲಮ್ಮ, ಹೋಗಬೇಕಾಗಿಲ್ಲ."

"ಹೌದಾ?" ಎಂದಳು. ಬಿಸಿಲಿಗೆ ಕಾಲು ಚಾಚಿದಳು.