ಚಿಕ್ಕಪ್ಪನ ಎಡೆಗೆ ಕೆಂಪು ಚಟ್ನಿ

ಸತ್ತವರಿಗೆ ಯಾವ ಚಟ್ನಿ ಇಷ್ಟ ಅಂತ ಬದುಕಿರುವವರು ಮುಖ ಗಂಟಿಕ್ಕಿಕೊಂಡಿದ್ದನ್ನು ನೋಡಿದ್ದೀರಾ? ಮೊನ್ನೆ ಶನಿವಾರ ನಾನು ನೋಡಿದೆ. ತಮಿಳುನಾಡಿನ ಗಡಿಯ ಬಾಗಲೂರಿನ ಹತ್ತಿರ, ನಮ್ಮ ಚಿಕ್ಕಮ್ಮನ ಮನೆಯಲ್ಲಿ.

ಚಿಕ್ಕಪ್ಪ ತೀರಿಕೊಂಡ ಮೇಲೆ ಇದು ಮೊದಲ ಪಿತೃಪಕ್ಷ. ಎಡೆ ಇಡುವ ಪದ್ಧತಿ ನಿಮಗೆ ಗೊತ್ತೇ ಇದೆ. ಹೋದವರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕು. ಬೀಡಿ ಇಷ್ಟವಿದ್ದರೆ ಬೀಡಿ, ಬಾಟಲಿ ಇಷ್ಟವಿದ್ದರೆ ಬಾಟಲಿ. (ಡಾಕ್ಟರು ಬೇಡ ಅಂದದ್ದೆಲ್ಲ ಆವತ್ತು ಮಾಫಿ.) ಆಮೇಲೆ ಮಹಡಿಯ ಮೇಲೆ ಇನ್ನೊಂದು ಎಲೆ ಇಟ್ಟು ಕಾಗೆಗೆ ಕಾಯಬೇಕು. ಕಾಗೆ ಮುಟ್ಟಿದರೆ ಹಿರಿಯರು ಉಂಡರು ಅಂತ. ಮುಟ್ಟದಿದ್ದರೆ ಏನೋ ಕೊರತೆಯಾಗಿದೆ ಅಂತ.

ನಾನು ಹೋದಾಗ ಅಡುಗೆಮನೆಯಲ್ಲಿ ಎರಡು ಬಟ್ಟಲು ಅಕ್ಕಪಕ್ಕ ಇದ್ದವು. ಒಂದರಲ್ಲಿ ಚಿಕ್ಕಮ್ಮನ ಹುಚ್ಚೆಳ್ಳು ಚಟ್ನಿ. ಕಪ್ಪಗಿನದು, ಒಣಮೆಣಸಿನಕಾಯಿ ಧಾರಾಳವಾಗಿ ಬಿದ್ದದ್ದು, ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಇನ್ನೊಂದು ಸೊಸೆ ರೇವತಿಯದು. ಅದೂ ಹುಚ್ಚೆಳ್ಳಿನದೇ. ಆದರೆ ಮೆಣಸಿನಕಾಯಿ ಬದಲು ಕೆಂಪು ಕ್ಯಾಪ್ಸಿಕಂ ಸುಟ್ಟು, ಸಿಪ್ಪೆ ತೆಗೆದು ರುಬ್ಬಿದ್ದು. ಅವಳ ಗಂಡ ಸುರೇಶ ಅಲ್ಲೇ ತರಕಾರಿ ಬೆಳೆಯುವ ಪಾಲಿಹೌಸ್ ಒಂದರಲ್ಲಿ ಸೂಪರ್‌ವೈಸರ್. ಸೊಟ್ಟಗೆ ಬೆಳೆದು ಮಾರಾಟದ ಬಾಕ್ಸ್ ಹತ್ತದ ಕ್ಯಾಪ್ಸಿಕಂ ಈ ಮನೆಗೆ ಬರುತ್ತದೆ.

"ಎಡೆಗೆ ಯಾರಾದ್ರೂ ಹೊಸರುಚಿ ಇಕ್ತಾರೇನಮ್ಮ? ಅದನ್ನ ಅತ್ಲಾಗಿಡು," ಅಂದರು ಚಿಕ್ಕಮ್ಮ. ರೇವತಿ ಏನೋ ಹೇಳಲು ಹೋಗಿ ಸುಮ್ಮನಾದಳು. ಕೃಷ್ಣಗಿರಿಯ ತಮಿಳು ಮನೆಯ ಹುಡುಗಿ. ಅತ್ತೆಯ ಜೊತೆ ವಾದ ಮಾಡುವಷ್ಟು ಕನ್ನಡ ಅವಳಿಗಿನ್ನೂ ಬಂದಿಲ್ಲ.

ನಾನು ಯಾರ ಪರವನ್ನೂ ವಹಿಸಲಿಲ್ಲ. ಗಮನಿಸಿದ್ದೀರಾ? ನಮ್ಮ ಮನೆಗಳಲ್ಲಿ ಮುದ್ದೆಯ ತಂಟೆಗೆ ಯಾರೂ ಹೋಗುವುದಿಲ್ಲ. ಎಲ್ಲ ಪ್ರಯೋಗವೂ ನಂಚಿಕೊಳ್ಳುವುದರ ಮೇಲೆಯೇ. ಕೋಸಂಬರಿಗೆ ಸ್ವೀಟ್ ಕಾರ್ನ್ ಬಿತ್ತು, ಮೊಸರು ಬಜ್ಜಿಗೆ ಬೀಟ್‌ರೂಟ್ ಬಿತ್ತು. ಅವಲಪಲ್ಲಿಯ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಬ್ರೊಕೊಲಿಗೆ ಹುರಿಗಡಲೆ ಪುಡಿ ಉದುರಿಸಿ ಪಲ್ಯ ಮಾಡುತ್ತಾಳೆ. ಮೊದಲ ದಿನ ನಾನು "ಸೂಪರ್" ಅಂದೆ. ಅಂದಿನಿಂದ ಪ್ರತಿ ಮಂಗಳವಾರ ಅದೇ ಪಲ್ಯ.

ಸರಿ, ಎಡೆ ಇಟ್ಟೆವು. ಕಪ್ಪು ಚಟ್ನಿ ಮಾತ್ರ. ಕಾಗೆಯ ಎಲೆ ಮಹಡಿಗೆ ಹೋಯಿತು. ಅರ್ಧ ಗಂಟೆಯಾಯಿತು. ವಾಟರ್ ಟ್ಯಾಂಕ್ ಮೇಲೆ ಎರಡು ಕಾಗೆ ಕೂತಿದ್ದವು, ಇಳಿಯಲಿಲ್ಲ. ಸುರೇಶ "ಕಾ ಕಾ" ಅಂತ ಕೂಗಿ ಕೂಗಿ ಸುಸ್ತಾದ.

"ಏನೋ ಮರ್ತಿದ್ದೀವಿ ಕಣ್ಲಾ ಮಂಜ," ಅಂದರು ಚಿಕ್ಕಮ್ಮ ನನಗೆ. ಬೀಡಿ ಬಂತು. ಸಿಹಿ ಬೂಂದಿ ಬಂತು. ಚಿಕ್ಕಪ್ಪ ಓದುತ್ತಿದ್ದ ತಮಿಳು ಪೇಪರ್ ಕೂಡ ಎಲೆಯ ಪಕ್ಕಕ್ಕೆ ಬಂತು. ಕಾಗೆಗಳು ಅಲ್ಲಾಡಲಿಲ್ಲ.

"ಹಸ್ಕೊಂಡು ಹಂಗೇ ಹೋಗ್ಬುಟ್ರೆ ಏನ್ಲಾ ಮಾಡದು?" ಅಂದರು ಚಿಕ್ಕಮ್ಮ. ನನಗೆ ಇದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಟ್ಯಾಂಕಿನ ಕಡೆಯೇ ನೋಡುತ್ತಿದ್ದೆ.

ಆಗ ರೇವತಿ ಬಾಯಿಬಿಟ್ಟಳು. "ಅತ್ತೆ, ಮಾವ ಕಡೇ ಮೂರು ತಿಂಗ್ಳು ಈ ಕೆಂಪು ಚಟ್ನಿನೇ ಕೇಳಿ ತಿಂತಿದ್ರು. ನೀವು ತೋಟಕ್ಕೆ ಹೋದ್ಮೇಲೆ. ಸತ್ಯಮಾ, ನಿಜವಾಗ್ಲೂ ಅತ್ತೆ. ನಿಮ್ಗೆ ಹೇಳ್ಬೇಡ ಅಂದಿದ್ರು."

"ಯಾಕಂತೆ?"

"ಖಾರ ತಡ್ಯಕ್ಕೆ ಆಗ್ತಿರ್ಲಿಲ್ಲ ಅವ್ರಿಗೆ. ಮೊದ್ಲಿಂದಾನೂ ಅಂತೆ. ನೀವು ಬೇಜಾರ್ ಮಾಡ್ಕೊತೀರ ಅಂತ..."

ಮೊದಲಿಂದಲೂ! ಅಂದರೆ ಮದುವೆಯಾದಾಗಿನಿಂದ ಮೂವತ್ತೆಂಟು ವರ್ಷ. "ನಿನ್ ಕೈ ಚಟ್ನಿ ಇಲ್ದೆ ಮುದ್ದೆ ಇಳಿಯಲ್ಲ ಕಣಮ್ಮಿ" ಅಂತ ಚಿಕ್ಕಪ್ಪ ಅನ್ನುತ್ತಿದ್ದದ್ದನ್ನು ನಾವೆಲ್ಲ ಕೇಳಿದ್ದೇವೆ.

ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ತಾವೇ ಕೆಳಗಿಳಿದು ಹೋಗಿ ಕೆಂಪು ಚಟ್ನಿಯ ಬಟ್ಟಲು ತಂದು ಎಲೆಗೆ ಎರಡು ಚಮಚ ಬಡಿಸಿದರು. ತಮ್ಮ ಚಟ್ನಿಯನ್ನು ತೆಗೆಯಲಿಲ್ಲ. "ಎರ್ಡೂ ಇರ್ಲಿ. ಯಾವ್ದು ಬೇಕೋ ಈಗ್ಲಾದ್ರೂ ತಿನ್ಲಿ," ಅಂದರು.

ಐದೇ ನಿಮಿಷ. ಒಂದು ಕಾಗೆ ಇಳಿದು ಬಂತು. ಉದ್ದಿನ ವಡೆ ಕಚ್ಚಿಕೊಂಡು ಹಾರಿಹೋಯಿತು. ಎರಡು ಚಟ್ನಿಯಲ್ಲಿ ಯಾವುದನ್ನೂ ತಿರುಗಿ ನೋಡಲಿಲ್ಲ. (ಬಂದವರು ಚಿಕ್ಕಪ್ಪನೇ ಅಂತ ನನಗೆ ಆಗ ನಂಬಿಕೆ ಬಂತು.)

ಊಟಕ್ಕೆ ಕೂತಾಗ ಚಿಕ್ಕಮ್ಮ ಕೆಂಪು ಚಟ್ನಿ ಹಾಕಿಸಿಕೊಂಡರು. "ಉಪ್ಪು ಕಮ್ಮಿ," ಅಂದರು. ಮತ್ತೊಮ್ಮೆ ಹಾಕಿಸಿಕೊಂಡರು. ಆಮೇಲೆ ಫೋಟೋ ಕಡೆ ತಿರುಗಿ, "ಒಂದು ಮಾತು ಹೇಳಕ್ಕೆ ಏನ್ ರೋಗ ಬಂದಿತ್ತು ಈವಯ್ಯಂಗೆ? ಎರಡು ಮೆಣಸಿನ್ಕಾಯಿ ಕಮ್ಮಿ ಹಾಕ್ತಿದ್ದೆ ಅಷ್ಟೇ ತಾನೆ," ಅಂದರು.

ಹೊಸರುಚಿ ಬಂದು ಹಳೆಯದನ್ನು ಕೆಡಿಸಿತು ಅಂತ ಬೈಯುತ್ತೇವೆ. ಬೈಯುವುದು ಸುಲಭ. ಆದರೆ ಇಷ್ಟು ವರ್ಷ ತಟ್ಟೆ ಖಾಲಿ ಮಾಡಿದವರೆಲ್ಲ ಇಷ್ಟಪಟ್ಟೇ ತಿಂದರು ಅಂತ ನಮಗೆ ಹೇಳಿದವರು ಯಾರು?

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಪಾಪ, ಅವಳ ಕಣ್ಣು ತುಂಬಿತು. "ನಮ್ಮಲ್ಲಿ ಆ ಕಷ್ಟ ಇಲ್ಲ ಬಿಡಿ," ಅಂದಳು. "ನಿಮ್ಮ ಎಡೆಗೆ ಏನಿಡ್ಬೇಕು ಅಂತ ನಂಗೆ ಚೆನ್ನಾಗಿ ಗೊತ್ತು. ಬ್ರೊಕೊಲಿ ಪಲ್ಯ."

ನಾಳೆ ಮಂಗಳವಾರ. ಬಾಯಿ ಬಿಡಲೋ, ಕಾಗೆ ಬರುವವರೆಗೂ ಕಾಯಲೋ?