ಕುಲಕರ್ಣಿ ಸರ್ ಅವರ ಪತ್ತೇದಾರ

ಹೈದರಾಬಾದಿನ ಮಲ್ಕಾಜ್‌ಗಿರಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದು ನಲಿನಿ ಕುಲಕರ್ಣಿ ಕಾಲು ಮುರಿದುಕೊಂಡಳು. ಅಭಯ ಸಾಮಂತನ ಪರಿಚಯವಾದದ್ದು ಆಗಲೇ. ಅವಳದು ರೈಲ್ವೆ ಆಫೀಸಿನಲ್ಲಿ ಸಿಬ್ಬಂದಿ ವಿಭಾಗದ ಕೆಲಸ. ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ರಾಯಚೂರಿನಿಂದ ರೈಲ್ವೆ ನೌಕರಿಗೆ ಬಂದ ಅಪ್ಪ ಕಟ್ಟಿಸಿದ ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದಳು. ಆಫೀಸಿನಲ್ಲಿ ತೆಲುಗು, ತರಕಾರಿಯವನೊಂದಿಗೆ ಹಿಂದಿ; ಕನ್ನಡವೆಂದರೆ ಜೀಡಿಮೆಟ್ಲಾದಲ್ಲಿರುವ ತಮ್ಮ ಗುರುರಾಜ ಭಾನುವಾರ ಫೋನು ಮಾಡಿದಾಗ ಆಡುವಷ್ಟೇ. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಫೋನಿನಲ್ಲಿ ಕನ್ನಡದ್ದೇನಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದಾಗ ಆ ಧಾರಾವಾಹಿ ಸಿಕ್ಕಿತು.

ಸಾಮಂತ ಬಂದರಿನ ಊರೊಂದರ ಪತ್ತೇದಾರ. ಹೆಣ ಕಂಡರೆ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ, ಆದರೆ ಸತ್ತವರ ಚಪ್ಪಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಯಾರಿಗೂ ಕಾಣದಂತೆ ಜೋಡಿಸಿಡುತ್ತಿದ್ದ. ಫೋಟೋ ತೆಗೆಯುವ ಜೋಸೆಫ್ ಜ್ವರ ಬಂದು ಮಲಗಿದಾಗ ಬೆಳಗಿನವರೆಗೂ ಹಣೆಗೆ ತಣ್ಣೀರು ಬಟ್ಟೆ ಹಾಕುತ್ತ ಕೂತ. ವಕೀಲೆ ವೈದೇಹಿ ಊರು ಬಿಟ್ಟು ಹೊರಟಾಗ ಸ್ಟೇಷನ್ನಿಗೆ ಹೋಗಿ, ಕಂಬದ ಹಿಂದೆ ನಿಂತು, ಮಾತಾಡಿಸದೆ ಬಂದ. ಇದಕ್ಕೆಲ್ಲ ಏನರ್ಥ ಎಂದು ಅವನಾಗಲಿ, ಕತೆ ಬರೆದವರಾಗಲಿ ಹೇಳುತ್ತಿರಲಿಲ್ಲ.

ಹೇಳುವವರು ಬೇರೆ ಇದ್ದರು. ಹೈದರಾಬಾದಿನಲ್ಲಿ ಕೆಲಸಕ್ಕಿದ್ದ ಕನ್ನಡದ ಹುಡುಗ ಹುಡುಗಿಯರು ಸಾಮಂತನಿಗಾಗಿ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದರು. ಅಲ್ಲಿ ಎರಡು ಪಕ್ಷ. ಅವನ ಜೀವವೆಲ್ಲ ಜೋಸೆಫನ ಮೇಲೆ, ಹೇಳಲು ಧೈರ್ಯವಿಲ್ಲ ಎನ್ನುವವರು ಒಂದು ಕಡೆ. ಅವನ ಮನಸ್ಸು ವೈದೇಹಿಯಲ್ಲಿದೆ ಎನ್ನುವವರು ಇನ್ನೊಂದು ಕಡೆ. ಒಂದು ಕಂತಿನಲ್ಲಿ ಸಾಮಂತ ನಿದ್ದೆಗಣ್ಣಲ್ಲಿ ‘ಅವರು ಹೋಗಿಬಿಟ್ಟರಾ?’ ಎಂದು ಕೇಳಿದ. ಆ ‘ಅವರು’ ಗಂಡೋ ಹೆಣ್ಣೋ ಎಂದು ವಾರಗಟ್ಟಲೆ ಜಗಳ ನಡೆಯಿತು.

ನಲಿನಿ ಮೊದಮೊದಲು ಬರೀ ಓದುತ್ತಿದ್ದಳು. ಒಂದು ದಿನ ತಡೆಯಲಾಗದೆ ಬರೆದಳು: ಅವನಿಗೆ ಇಬ್ಬರ ಮೇಲೂ ಪ್ರೀತಿ ಇದೆ, ಆದರೆ ನೀವೆಲ್ಲ ಹುಡುಕುತ್ತಿರುವ ಪ್ರೀತಿ ಅದಲ್ಲ. ಬಂದರಿನ ಚಹಾದಂಗಡಿಯ ಮುದುಕನಿಗೆ ಜ್ವರ ಬಂದಿದ್ದರೂ ಅವನು ಹಾಗೆಯೇ ಕೂರುತ್ತಿದ್ದ. ಕೆಲವರಲ್ಲಿ ಆ ಆಸೆ ಹುಟ್ಟುವುದೇ ಇಲ್ಲ, ಹಾಗೆಂದು ಅವರೇನು ಕಲ್ಲಲ್ಲ.

ಎರಡೂ ಪಕ್ಷದವರು ಅದನ್ನು ಒಪ್ಪಲಿಲ್ಲ. ಆದರೂ ಅವಳ ಬರಹವನ್ನು ಕಾಯುವವರು ಹುಟ್ಟಿಕೊಂಡರು. ಫೋನಿನಲ್ಲಿ ಅವಳ ಹೆಸರು ‘ಎನ್. ಕುಲಕರ್ಣಿ’ ಎಂದಿದ್ದುದರಿಂದ ಎಲ್ಲರೂ ಅವಳನ್ನು ಗಂಡಸೆಂದೇ ತಿಳಿದಿದ್ದರು. ‘ಕುಲಕರ್ಣಿ ಸರ್ ಏನಂತಾರೋ ನೋಡೋಣ’ ಎಂದು ಬರೆಯುತ್ತಿದ್ದರು. ಅವಳು ತಿದ್ದಲಿಲ್ಲ. ತಾನು ಏನಂತೀನಿ ಎಂದು ಯಾರಾದರೂ ಕಾದದ್ದು ಎಷ್ಟು ಕಾಲದ ಮೇಲೋ.

ಕೊನೆಯ ಕಂತನ್ನು ಎಲ್ಲರೂ ಒಟ್ಟಿಗೆ ಕೂತು ನೋಡುವುದೆಂದಾಯಿತು. ಮೈಸೂರಿನ ಗಾನವಿ ಎಂಬ ಹುಡುಗಿ ಕೊಂಡಾಪುರದ ತನ್ನ ಫ್ಲ್ಯಾಟಿಗೆ ಕರೆದಳು. ಭಾನುವಾರ ಮಧ್ಯಾಹ್ನ ನಲಿನಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಡಬ್ಬಿಯಲ್ಲಿ ಚುರುಮುರಿ ಕಟ್ಟಿಕೊಂಡು ಹೋದಳು. ಬಾಗಿಲು ತೆರೆದ ಗಾನವಿ, ಯಾರದೋ ತಾಯಿ ಇರಬೇಕೆಂದು ಅವಳ ಹಿಂದೆ ನೋಡಿದಳು. ಹೆಸರು ಹೇಳಿದ ಮೇಲೆ ಒಳಗಿದ್ದವರೆಲ್ಲ ನಕ್ಕರು, ಕೆಟ್ಟ ನಗುವಲ್ಲ. ಒಬ್ಬ ಎದ್ದು ಸೋಫಾ ಬಿಟ್ಟುಕೊಟ್ಟ. ಆಮೇಲೆ ಅವಳ ಮುಂದೆ ಮಾತು ಸ್ವಲ್ಪ ಹದವಾಯಿತು. ವಾಟ್ಸಾಪಿನಲ್ಲಿ ಸಾಮಂತನ ಬಗ್ಗೆ ಏನು ಬೇಕಾದರೂ ಬರೆಯುತ್ತಿದ್ದವರು ಈಗ ಅವಳಿಗೆ ನೀರು ಬೇಕೇ, ಫ್ಯಾನು ಜೋರಾಯಿತೇ ಎಂದು ಕೇಳತೊಡಗಿದರು.

ಕಂತು ಅರ್ಧ ದಾಟಿದಾಗ ಸಾಮಂತ ಬೀಗ ಹಾಕಿದ್ದ ಕೋಣೆಯೊಂದನ್ನು ತೆರೆದ. ಗೋಡೆಯ ಮೇಲೆ ಹಾರ ಹಾಕಿದ ಹುಡುಗಿಯ ಫೋಟೋ. ಅವನೊಂದಿಗೆ ಮದುವೆ ನಿಶ್ಚಯವಾಗಿದ್ದವಳು, ದೋಣಿ ಮುಳುಗಿ ತೀರಿಕೊಂಡಿದ್ದಳು. ಸಾಮಂತ ಫೋಟೋದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ವೈದೇಹಿ ಪಕ್ಷದವರು, ಹೋಗಲಿ, ಹೆಣ್ಣೆಂದಾದರೂ ಆಯಿತಲ್ಲ ಎಂದರು. ಜೋಸೆಫನ ಪಕ್ಷದವರಿಗೆ ಸಿಟ್ಟು ಬಂತು, ಚಾನೆಲ್ಲಿನವರು ಹೆದರಿ ಕಡೆಗಳಿಗೆಯಲ್ಲಿ ಸೇರಿಸಿದ್ದು ಎಂದರು. ನಲಿನಿ ಚುರುಮುರಿಯ ಡಬ್ಬಿಗೆ ಮುಚ್ಚಳ ಹಾಕಿದಳು. ಮನೆಗೆ ಬಂದು ಹೋಗುತ್ತಿದ್ದ ಒಬ್ಬರು ಇನ್ನು ಬರುವುದಿಲ್ಲ ಎಂದು ಹೇಳಿಕಳಿಸಿದಂತೆ ಅನಿಸಿತು.

ಹೊರಡುವಾಗ ಲಿಫ್ಟಿನವರೆಗೂ ಬಂದ ಗಾನವಿ ಕೇಳಿದಳು: “ಆಂಟಿ, ಅವನ ಬಗ್ಗೆ ನೀವು ಅಷ್ಟು ಗಟ್ಟಿಯಾಗಿ ಹೇಳ್ತಿದ್ರಲ್ಲ. ಹೇಗೆ ಅನಿಸಿತ್ತು ನಿಮಗೆ ಹಾಗೆ?”

ಲಿಫ್ಟು ಬಂತು. “ಹಿಂಗ ನೋಡ್ತಾ ನೋಡ್ತಾ ಅನಿಸ್ತವ್ವಾ,” ಎಂದು ನಲಿನಿ ಒಳಗೆ ಹೋದಳು.

ಅವಳ ಮದುವೆಯ ವಯಸ್ಸಿನಲ್ಲಿ ಗಂಡುಗಳು ಬಂದಿದ್ದವು. ಗೆಳತಿಯರು ಗುಸುಗುಸು ಹೇಳಿಕೊಳ್ಳುತ್ತಿದ್ದ ಆ ತಳಮಳ ತನಗೂ ಬಂದೀತೆಂದು ಕಾದಳು, ಬರಲಿಲ್ಲ. ಒಲ್ಲೆ ಎಂದಳು. ಯಾಕೆ ಒಲ್ಲೆ ಎಂದು ಮನೆಯವರು ಕಾರಣ ಹುಡುಕಿದರು. ಅವಳ ಆಫೀಸಿನ ತೆಲುಗಿನವನೊಬ್ಬ ಒಮ್ಮೆ ಮನೆಗೆ ಬಂದು ಅಪ್ಪನೊಂದಿಗೆ ಚಹಾ ಕುಡಿದಿದ್ದ, ಆಮೇಲೆ ವಿಜಯವಾಡಕ್ಕೆ ವರ್ಗವಾಗಿ ಹೋಗಿದ್ದ. ಅಷ್ಟು ಸಾಕಾಯಿತು. ಅವನು ಕೈಕೊಟ್ಟು ಹೋದನೆಂದೂ, ಇವಳು ಅವನ ನೆನಪಲ್ಲೇ ಉಳಿದಳೆಂದೂ ಕತೆಯಾಯಿತು. ಗಂಡು ತೋರಿಸುವುದು ನಿಂತಿತು, ಅವಳೂ ಆ ಕತೆಯನ್ನು ತಿದ್ದಲಿಲ್ಲ. ಆ ಮನುಷ್ಯನ ಮುಖವೂ ಈಗ ಅವಳಿಗೆ ಸರಿಯಾಗಿ ನೆನಪಿರಲಿಲ್ಲ.

ಮುಂದಿನ ಭಾನುವಾರ ಅವಳು ಜೀಡಿಮೆಟ್ಲಾಕ್ಕೆ ಹೋದಳು. ಗುರುರಾಜ ಔಷಧಿ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬಂದಿದ್ದ. ಹೆಂಡತಿ ಶೋಭಾ ಅಡುಗೆಮನೆಯಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಅಕ್ಕ ತಮ್ಮ ಇಬ್ಬರೇ ಬಾಲ್ಕನಿಯಲ್ಲಿ ಕೂತಿದ್ದರು.

“ಗುರು, ಒಂದು ಮಾತು ಹೇಳ್ತೀನಿ,” ಎಂದಳು ನಲಿನಿ. “ನಾ ಯಾರ ಸಲುವಾಗಿನೂ ಮದುವಿ ಬಿಟ್ಟಿಲ್ಲ. ಆ ವಿಜಯವಾಡಾದಾವ ನನಗ ಏನೂ ಆಗಿರಲಿಲ್ಲ.”

“ಈಗ್ಯಾಕ ಆ ಮಾತು, ಅಕ್ಕಾ?”

“ಆತ ಅಷ್ಟ ಅಲ್ಲ, ಯಾರೂ ಇರಲಿಲ್ಲ. ಗಂಡಸೂ ಇಲ್ಲ, ಹೆಂಗಸೂ ಇಲ್ಲ. ನನಗ ಆ ಆಸೆನ ಹುಟ್ಟಲಿಲ್ಲ. ಮಂದಿ ಬೇಕು, ಮಾತು ಬೇಕು, ನೀವೆಲ್ಲಾ ಬೇಕು. ಅದೊಂದು ಬ್ಯಾಡಾಗಿತ್ತು.”

ಗುರುರಾಜ ಕೆಳಗೆ ಬೀದಿಯತ್ತ ನೋಡುತ್ತ ಕೂತ. ಅವನ ಕಿವಿ ಕೆಂಪಾಗಿತ್ತು. ಅವನು ಹೇಳಿದ: “ನಾ ಆ ಮನಿಷ್ಯಾನ್ನ ಇಷ್ಟು ವರ್ಷ ಬೈಕೋತ ಬಂದೀನಿ. ಒಮ್ಮೆ ವಿಜಯವಾಡಾಕ್ಕ ಹೋದಾಗ ಅವನ ಆಫೀಸಿನ ಮುಂದ ಹೋಗಿ ನಿಂತಿದ್ದೆ. ಸಿಕ್ರ ಹೊಡೀಬೇಕಂತ.”

ನಲಿನಿಗೆ ಇದು ಗೊತ್ತಿರಲಿಲ್ಲ. ಸಣ್ಣವನಿದ್ದಾಗ ನಾಯಿ ಕಂಡರೆ ಅವಳ ಸೆರಗು ಹಿಡಿಯುತ್ತಿದ್ದ ತಮ್ಮ, ಪರ ಊರಿನ ಆಫೀಸಿನೆದುರು ಮುಷ್ಟಿ ಬಿಗಿದು ನಿಂತಿದ್ದ. ಅಷ್ಟರಲ್ಲಿ ಶೋಭಾ ಊಟಕ್ಕೆ ಕರೆದಳು. ಎಂದಿನಂತೆ ನಲಿನಿಯ ತಟ್ಟೆಗೆ ತುಪ್ಪ ಒಂದು ಚಮಚ ಹೆಚ್ಚೇ ಬಿತ್ತು.

ಸಂಜೆ ಗುರುರಾಜ ಸ್ಕೂಟರಿನಲ್ಲಿ ಬಸ್ ಸ್ಟಾಪಿನವರೆಗೆ ಬಿಟ್ಟ. ಸಿಕಂದರಾಬಾದಿನ ಬಸ್ಸು ಕಾಣಿಸಿದಾಗ, ಅವಳ ಚೀಲ ಕೈಗೆ ಕೊಡುತ್ತ ಮೆಲ್ಲಗೆ ಹೇಳಿದ: “ಶೋಭಾಗ ಹೇಳಬ್ಯಾಡ ಅಕ್ಕಾ. ಆಕಿ ಆ ಕತಿ ನಂಬಿ ನಿನ್ನ ಸಲುವಾಗಿ ಭಾಳ ಅತ್ತಾಳ.”

ಅವಳು ಆಯಿತು ಎಂದಳು. ಸೀಟು ಸಿಕ್ಕ ಮೇಲೆ ಕಿಟಕಿಯಿಂದ ನೋಡಿದರೆ ಅವನು ಸ್ಕೂಟರಿನ ಮೇಲೆ ಕೂತೇ ಇದ್ದ. ಬಸ್ಸಿನತ್ತ ನೋಡುತ್ತಿರಲಿಲ್ಲ.

ಆಮೇಲೆ ಕೆಲವು ಭಾನುವಾರ ಅವನ ಫೋನು ಬರಲಿಲ್ಲ. ಗುಂಪಿನವರು ಬೇರೊಂದು ಧಾರಾವಾಹಿ ಹಿಡಿದರು. ಅದರಲ್ಲಿ ನಲಿನಿಗೆ ಬರೆಯುವಂಥದ್ದೇನೂ ಇರಲಿಲ್ಲ. ಆಫೀಸಿನಿಂದ ಬಂದು ಚಹಾ ಮಾಡಿಕೊಂಡು, ಲೋಕಲ್ ರೈಲುಗಳ ಸದ್ದು ಕೇಳುತ್ತ ಕೂರುತ್ತಿದ್ದಳು.

ಶ್ರಾವಣ ಹುಟ್ಟಿದ ಮೇಲೆ ಒಂದು ದಿನ ಗುರುರಾಜ ಫೋನು ಮಾಡಿದ. ಕಾಲು ನೋವು ಹೆಂಗೈತಿ ಎಂದ, ನಲ್ಲಿಗೆ ನೀರು ಬರಾಕತ್ತದೇನು ಎಂದ. ಅವಳು ಎಲ್ಲದಕ್ಕೂ ಉತ್ತರ ಹೇಳಿದಳು. ಕೇಳುವುದೆಲ್ಲ ಮುಗಿದ ಮೇಲೂ ಅವನು ಫೋನು ಇಡಲಿಲ್ಲ. ಅವನ ಮನೆಯ ಕುಕ್ಕರ್ ಕೂಗಿದ್ದು ಅವಳಿಗೆ ಕೇಳಿಸಿತು. ಅವಳೂ ಇಡಲಿಲ್ಲ.